ಏಳನೆಯ ಮೆಟ್ಟಿಲಿನ ಕೆಳಗೆ

ನಮ್ಮ ಬ್ಲಾಕುಗಳು ಇರುತ್ತಿದ್ದದ್ದು ಬಾಸ್ಮತಿ ಅಕ್ಕಿಯ ಚೀಲದಲ್ಲಿ. ಜಿಪ್ಪೂ ಹಿಡಿಯೂ ಇದ್ದ ದಪ್ಪ ಸೆಣಬಿನ ಚೀಲ. ಅಕ್ಕಿ ಮುಗಿದ ಮೇಲೆ ಅಂಥದ್ದನ್ನು ಎಸೆಯುವುದು ಅಮ್ಮನ ಕೈಯಲ್ಲಿ ಆಗುತ್ತಿರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ತಮ್ಮ ಕಿಟ್ಟಿ ಅದನ್ನು ಎಳೆದುಕೊಂಡು ಬಂದು ಹಾಲ್‌ನ ನಡುವೆ ಬೋರಲು ಹಾಕುತ್ತಿದ್ದ. ಮರದ ತುಂಡುಗಳು ಮರದ ನೆಲದ ಮೇಲೆ ಉರುಳುವ ಸದ್ದಿಗೆ ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ತಮ್ಮ ಚಾವಣಿಯನ್ನು ಕುಟ್ಟುತ್ತಿದ್ದರು. ಅಮ್ಮ ದೋಸೆ ಕಾವಲಿಯ ಮುಂದಿನಿಂದಲೇ ಕೂಗುತ್ತಿದ್ದಳು.

"ಕಿಟ್ಟೀ, ಒಂದೊಂದಾಗಿ ತೆಗಿಯೋ, ಅವರು ಕಂಪ್ಲೇಂಟ್ ಕೊಡ್ತಾರೆ!"

"ಒನ್ ಬೈ ಒನ್ನೇ ಅಮ್ಮ. ವೆರಿ ಫಾಸ್ಟ್ ಒನ್ ಬೈ ಒನ್."

ಥಾರ್ನ್‌ಕ್ಲಿಫ್ ಪಾರ್ಕ್ ಬಡಾವಣೆಯ ಆ ಅಪಾರ್ಟ್‌ಮೆಂಟಿನಲ್ಲಿ ಹಾಲ್ ಅನ್ನುವುದೇ ನಮಗೆ ಅಂಗಳ, ದೇವರ ಮನೆ, ಊಟದ ಮನೆ ಎಲ್ಲವೂ. ಕಿಟಕಿಯ ಕೆಳಗೆ ಗೋಡೆಯುದ್ದಕ್ಕೂ ಹೀಟರು, ಚಳಿಗಾಲದಲ್ಲಿ ಅದರ ಮೇಲೆ ಒಣಗುವ ಸಾಕ್ಸುಗಳು. ಬಾಗಿಲ ಹಿಂದೆ ಅಪ್ಪನ ನಕ್ಷೆ ಬರೆಯುವ ಮೇಜು, ಅದರ ಮೇಲೆ ನಕ್ಷೆಯ ಬದಲು ಇಸ್ತ್ರಿಗೆ ಕಾದಿರುವ ಬಟ್ಟೆ. ಅಡುಗೆಮನೆಗೆ ಬಾಗಿಲಿರಲಿಲ್ಲ. ಒಗ್ಗರಣೆಯ ಘಾಟು ನೇರವಾಗಿ ಕೋಟುಗಳ ಕ್ಲಾಸೆಟ್ಟಿಗೆ ಹೋಗಿ ಕೂರುತ್ತಿತ್ತು. ಶಾಲೆಗೆ ಹೊರಡುವ ಮುನ್ನ ನಾನು ಬಾಲ್ಕನಿಯಲ್ಲಿ ನಿಂತು ನನ್ನ ಜಾಕೆಟ್ಟನ್ನು ಕೊಡವುತ್ತಿದ್ದೆ, ಕೊಡವಿದರೆ ಇಂಗಿನ ವಾಸನೆ ಉದುರುತ್ತದೆ ಅನ್ನುವ ಹಾಗೆ. ಎಲಿವೇಟರಿನಿಂದ ಇಳಿದು ಕಾರಿಡಾರಿನಲ್ಲಿ ಕಣ್ಣು ಮುಚ್ಚಿಕೊಂಡು ನಡೆದರೂ ನಮ್ಮ ಮನೆ ಸಿಗುತ್ತಿತ್ತು. ಹುರಿದ ಈರುಳ್ಳಿಯನ್ನು ದಾಟಿ, ಮೀನನ್ನು ದಾಟಿ, ಇಂಗು ಬಂದಲ್ಲಿ ನಿಂತರೆ ಸಾಕು. ಈರುಳ್ಳಿ ಪಕ್ಕದ ಮನೆಯ ಜರೀನಾ ಆಂಟಿಯದು. ಅವರು ಕರಾಚಿ ಕಡೆಯವರು. ಅಮ್ಮನಿಗೆ ಹಿಂದಿ ಕಲಿಸಿದ್ದೂ, ಮೊದಲ ಚಳಿಗಾಲದಲ್ಲಿ ಅಮ್ಮನ ಬೂಟಿನೊಳಗೆ ಪ್ಲಾಸ್ಟಿಕ್ ಚೀಲ ತುರುಕಿ ಬಸ್ ಸ್ಟಾಪಿಗೆ ಕರೆದುಕೊಂಡು ಹೋಗಿದ್ದೂ ಅವರೇ.

ಬ್ಲಾಕುಗಳನ್ನು ಅಪ್ಪ ತಂದದ್ದು ರಸ್ತೆ ಬದಿಯಿಂದ. ಹತ್ತಿರದ ಶಿಶುವಿಹಾರವೊಂದು ಮುಚ್ಚಿಹೋಗಿ, ಅದರ ಸಾಮಾನುಗಳನ್ನೆಲ್ಲ ಕಸದ ದಿನ ಹೊರಗಿಟ್ಟಿದ್ದರಂತೆ. ಮೈಸೂರಿನಲ್ಲಿ ಸೇತುವೆಗಳ ನಕ್ಷೆ ಬರೆಯುತ್ತಿದ್ದ ಅಪ್ಪ ಇಲ್ಲಿ ಮಾಲ್ಟನ್ ಕಡೆಯ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಮಾಡುತ್ತಿದ್ದರು. ಶಿಫ್ಟು ಮುಗಿಸಿ ಬರುವಾಗ ಆ ಮರದ ತುಂಡುಗಳ ರಾಶಿ ಕಂಡು ಬಸ್ಸಿಳಿದುಬಿಟ್ಟರು. ಮನೆಗೆ ತಂದು ಬಾತ್‌ಟಬ್ಬಿನಲ್ಲಿ ಸೋಪು ಹಾಕಿ ತೊಳೆದು, ಬಾಲ್ಕನಿಯಲ್ಲಿ ಹರಡಿ, ಒಣಗಿದ ಮೇಲೆ ಒಂದೊಂದರ ಅಂಚನ್ನೂ ಮರಳು ಕಾಗದದಿಂದ ಉಜ್ಜಿದರು. ಅಮ್ಮನಿಗೆ ಅದು ಹಿಡಿಸಲಿಲ್ಲ.

"ಯಾರೋ ಎಸೆದದ್ದನ್ನ ಮಕ್ಕಳ ಕೈಗೆ ಕೊಡ್ತೀರಲ್ಲರೀ."

"ಮೇಪಲ್ ಮರ ಕಣೇ ವತ್ಸಲಾ. ಅಳತೆ ನೋಡು, ಕೂದಲೆಳೆ ವ್ಯತ್ಯಾಸ ಇಲ್ಲ."

ನಿಜಕ್ಕೂ ಇರಲಿಲ್ಲ. ಮೂರು ಅಳತೆಯ ತುಂಡುಗಳಿಗೆ ನಾವು ಮಕ್ಕಳು ಹೆಸರಿಟ್ಟಿದ್ದೆವು: ಮರಿ, ಅಪ್ಪ, ಅಜ್ಜ. ಎರಡು ಮರಿ ಸೇರಿದರೆ ಒಬ್ಬ ಅಪ್ಪ. ಇಬ್ಬರು ಅಪ್ಪಂದಿರು ಸೇರಿದರೆ ಒಬ್ಬ ಅಜ್ಜ, ಒಂದು ಗೇಣಿಗಿಂತ ಸ್ವಲ್ಪ ಉದ್ದ. ಭಿನ್ನರಾಶಿಗಳನ್ನು ಶಾಲೆಯಲ್ಲಿ ಕಲಿಸುವ ಹೊತ್ತಿಗೆ ನನಗೆ ಅದು ಎಂದೋ ಗೊತ್ತಿದ್ದ ಮನೆವಾರ್ತೆಯ ಹಾಗೆ ಕಂಡಿತು. ಅಜ್ಜಂದಿರು ನಾಲ್ವರೇ ಇದ್ದದ್ದರಿಂದ ಜಗಳವೆಲ್ಲ ಅವರಿಗಾಗಿಯೇ. ನನಗೆ ಕೋಣೆಗಳಿರುವ ಮನೆ ಬೇಕು, ಕಿಟ್ಟಿಗೆ ಸುರಂಗ ಬೇಕು. ನನಗೆ ಹತ್ತು, ಅವನಿಗೆ ನಾಲ್ಕು, ಆದರೂ ಗೆಲ್ಲುತ್ತಿದ್ದವನು ಅವನೇ. ಕೊನೆಗೆ ಅವನ ಟ್ರೇನು ನನ್ನ ಅಡುಗೆಮನೆಯ ಮಧ್ಯದಿಂದ ಹೋಗುವುದು ಎಂದು ರಾಜಿಯಾಗುತ್ತಿತ್ತು. ಟ್ರೇನು ಅಂದರೆ ಅವನ ಕೈ. ಸುರಂಗದ ಗೋಡೆಗೆ ತಾಗದಂತೆ ಮೊಣಕೈವರೆಗೂ ತೂರಿಸಿ ಹೊರಗೆ ತೆಗೆಯಬೇಕು, ತಾಗಿದರೆ ಔಟು. ಅವನ ಕೈ ನನ್ನದಕ್ಕಿಂತ ಚಿಕ್ಕದು, ಅವನು ಔಟಾಗುತ್ತಲೇ ಇರಲಿಲ್ಲ. ಕಟ್ಟಿದ್ದನ್ನು ಬಿಚ್ಚುವುದರಲ್ಲಂತೂ ಅವನ ಹಾಗೆ ಯಾರೂ ಇರಲಿಲ್ಲ. ಒಂದು ಬೆರಳಿನಿಂದ ಪ್ರತಿಯೊಂದು ತುಂಡನ್ನೂ ಮೆಲ್ಲಗೆ ತಟ್ಟುತ್ತ ಹೋಗುವನು. ಯಾವುದು ಅಲ್ಲಾಡುತ್ತದೋ ಅದರ ಮೇಲೆ ಭಾರವಿಲ್ಲ ಎಂದು ಅವನಿಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಅದನ್ನೇ ಎಳೆದು ತೆಗೆಯುವನು, ಗೋಪುರ ನಿಂತೇ ಇರುತ್ತಿತ್ತು. ಅಪ್ಪ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು ಅದನ್ನು ನೋಡುತ್ತಿದ್ದರು. ಶಿಫ್ಟಿನ ನಿದ್ದೆಗಣ್ಣಿನಲ್ಲೂ ಅವರ ಮುಖ ಆಗ ಬೇರೆಯಾಗುತ್ತಿತ್ತು.

ಈಗ ನಾನು ಸಣ್ಣ ಮಕ್ಕಳ ತರಗತಿಗೆ ಟೀಚರು. ವರ್ಷಕ್ಕೊಮ್ಮೆ ತಾಯ್ತಂದೆಯರು ಪುಟ್ಟ ಕುರ್ಚಿಗಳಲ್ಲಿ ಮುದುಡಿ ಕೂತು ಕೇಳುತ್ತಾರೆ, ದಿನವಿಡೀ ಬ್ಲಾಕುಗಳಲ್ಲಿ ಆಡುತ್ತಾನಂತಲ್ಲ, ಅದರಿಂದ ಕಲಿಯುವುದೇನು ಎಂದು. ಅಳತೆ, ಸಮತೋಲ, ಸಹನೆ, ಹಂಚಿಕೊಳ್ಳುವುದು ಎಂದು ಹೇಳುತ್ತೇನೆ. ಸುಳ್ಳಲ್ಲ. ಆದರೆ ಹಾಗೆ ಹೇಳುವಾಗೆಲ್ಲ ನನ್ನ ಕಣ್ಣು ಅವರ ಹಿಂದಿನ ಕಪಾಟಿನ ಮೇಲೆ ಇರುತ್ತದೆ, ಅದರ ಕಾಲುಗಳು ನೆಲಕ್ಕೆ ಸರಿಯಾಗಿ ಕೂತಿವೆಯೇ ಎಂದು. ಆ ಸಂಜೆ ನಡೆದದ್ದನ್ನು ನಾನು ಎಷ್ಟು ಬಾರಿ ಮೊದಲಿನಿಂದ ಕೊನೆಯವರೆಗೆ ಓಡಿಸಿ ನೋಡಿದ್ದೇನೋ. ಅಂಗಡಿಯಲ್ಲಿ ಸಾಲಿನಲ್ಲಿ ನಿಂತಾಗ, ಹೈವೇಯಲ್ಲಿ ಟ್ರಾಫಿಕ್ಕು ನಿಂತಾಗ ಅದು ತಾನಾಗಿ ಶುರುವಾಗುತ್ತದೆ. ಇಷ್ಟು ವರ್ಷಗಳಾದರೂ ಒಂದು ಜಾಗದಲ್ಲಿ ಉಸಿರು ಹಿಡಿದುಕೊಳ್ಳುತ್ತೇನೆ.

ಅದು ದಸರಾ ಗೊಂಬೆ ಕೂರಿಸುವ ದಿನಗಳು. ಅಮ್ಮ ತವರಿನಿಂದ ಗೊಂಬೆಗಳನ್ನು ಹಳೇ ಸೀರೆಗಳಲ್ಲಿ ಸುತ್ತಿ, ವಿಮಾನದಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದಳು. ಮದುವೆಯಲ್ಲಿ ಕೊಟ್ಟ ಪಟ್ಟದ ಗೊಂಬೆಗಳು, ಅಂದರೆ ಮರದ ರಾಜ ರಾಣಿ. ಮಣ್ಣಿನ ದಶಾವತಾರ, ಶೆಟ್ಟರ ಅಂಗಡಿ, ಮದುವೆ ದಿಬ್ಬಣ, ಒಂದು ಕಿವಿ ಮುರಿದ ಆನೆ. ಪ್ರತಿವರ್ಷ ಮೂರು ಮೆಟ್ಟಿಲಿನಲ್ಲಿ ಎಲ್ಲವನ್ನೂ ಒತ್ತೊತ್ತಾಗಿ ಕೂರಿಸಿ, ಕಾರಿಡಾರಿನ ಮಕ್ಕಳನ್ನೆಲ್ಲ ಕರೆದು ಕಡಲೆಕಾಳಿನ ಉಸಲಿ ಹಂಚುವುದು ನಮ್ಮ ಹಬ್ಬ. ಆ ವರ್ಷ ಮಾತ್ರ ಉಳ್ಳವರ ಊರಾದ ಓಕ್‌ವಿಲ್‌ನಿಂದ ಲಲಿತಾ ಆಂಟಿ ಬರುವವರಿದ್ದರು. ಅವರ ಯಜಮಾನರು ಡಾಕ್ಟರು, ಇಲ್ಲಿಗೆ ಬಂದ ಮೊದಮೊದಲ ಕನ್ನಡದವರಲ್ಲಿ ಒಬ್ಬರು. ಅವರ ಬೇಸ್‌ಮೆಂಟಿನಲ್ಲಿ ಗೊಂಬೆಗಳಿಗೆಂದೇ ಕಬ್ಬಿಣದ ಮೆಟ್ಟಿಲು ಮಾಡಿಸಿದ್ದರು, ಒಂಬತ್ತು. ಹಿಂದಿನ ವರ್ಷ ಅದನ್ನು ನೋಡಿ ಬಂದ ಅಮ್ಮ ದಾರಿಯುದ್ದಕ್ಕೂ ಬೆರಳಲ್ಲಿ ಮೆಟ್ಟಿಲು ಎಣಿಸುತ್ತಿದ್ದಳು.

"ಈ ಸಲ ಏಳು," ಅಂದಳು.

"ಏಳಾ? ಐದು ಸಾಕು ವತ್ಸಲಾ, ಹಾಲ್ ಎಷ್ಟಿದೆ ಅಂತ ನೋಡು."

"ನಮ್ಮಮ್ಮನ ಮನೇಲಿ ಏಳು ಇರ್ತಿತ್ತು. ಅವರು ಒಂಬತ್ತು ಇಟ್ಟರೆ ನಾನು ಏಳು ಇಡೋದು ತಪ್ಪಾ?"

ಅಪ್ಪ ಶನಿವಾರ ಬೆಳಿಗ್ಗೆಯಿಂದ ಕಟ್ಟತೊಡಗಿದರು. ಸೂಟ್‌ಕೇಸುಗಳು, ಹಾಲು ತುಂಬುವ ಕ್ರೇಟುಗಳು, ಜರೀನಾ ಆಂಟಿ ಕೊಟ್ಟ ಟ್ರಂಕು, ಅವುಗಳ ಮೇಲೆ ಹಲಗೆಗಳು. ಹಲಗೆಗೊಂದು ಮೆಟ್ಟಿಲು. ಮಧ್ಯಾಹ್ನ ಬಿಸಿಬೇಳೆ ಭಾತಿನ ತಟ್ಟೆ ಕೈಯಲ್ಲಿ ಹಿಡಿದು ನಿಂತು ಲೆಕ್ಕ ಹಾಕಿದರು. ಇದ್ದ ಸಾಮಾನಿನಲ್ಲಿ ಆರು ಮೆಟ್ಟಿಲು ಆಗಿತ್ತು.

"ಆರಕ್ಕೆ ಬಿಡೋಣ. ಚೆನ್ನಾಗೇ ಕಾಣ್ತಿದೆ."

"ಆರಾ! ಸಮಸಂಖ್ಯೆಯಲ್ಲಿ ಯಾರಾದರೂ ಗೊಂಬೆ ಕೂರಿಸ್ತಾರೇನ್ರೀ? ಮೂರು, ಐದು, ಏಳು. ಇಂಜಿನಿಯರಿಗೆ ಇದನ್ನೂ ಹೇಳಿಕೊಡಬೇಕಾ?"

ಒಂದು ತೆಗೆದರೆ ಐದಾಗುತ್ತಿತ್ತು. ಅಮ್ಮ ಆ ಮಾತು ಎತ್ತಲೂ ಬಿಡಲಿಲ್ಲ. ಅಪ್ಪ ಹಾಲ್‌ನಲ್ಲಿ ಸುತ್ತ ನೋಡಿದರು. ಅವರ ನೋಟ ಅಕ್ಕಿ ಚೀಲದ ಮೇಲೆ ನಿಂತಿತು.

ನಾಲ್ವರು ಅಜ್ಜಂದಿರೂ ಹೋದರು. ಹಿಂದಿನ ಸಾಲಿನಲ್ಲಿ ಅವನ್ನು ನೆಟ್ಟಗೆ, ಮೇಜಿನ ನಾಲ್ಕು ಕಾಲುಗಳಂತೆ ನಿಲ್ಲಿಸಿ, ಅವುಗಳ ಮೇಲೆ ಪ್ಲೈವುಡ್ ಹಲಗೆ ಇಟ್ಟು, ಹಲಗೆಯ ಮೇಲೆ ತಮ್ಮ ಇಂಜಿನಿಯರಿಂಗ್ ಪುಸ್ತಕಗಳನ್ನು ತುಂಬಿದ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿದರು. ಎಲ್ಲದರ ತುದಿಗೆ ಏಳನೆಯ ಮೆಟ್ಟಿಲು. ಗೋಡೆಗೆ ಹೀಟರು ಇದ್ದದ್ದರಿಂದ ಪೂರ್ತಿ ಒತ್ತಿಡಲು ಆಗಲಿಲ್ಲ, ಹಿಂದೆ ಒಂದು ಮೊಳದಷ್ಟು ಜಾಗ ಉಳಿಯಿತು. ನೆಲವೂ ಸಮವಿರಲಿಲ್ಲ. ಅಪ್ಪ ಎರಡು ಕೈಯಿಂದ ಪೆಟ್ಟಿಗೆಗಳನ್ನು ಅಮುಕಿ ನೋಡಿದರು.

"ಬೀಳಲ್ಲ ತಾನೇ?" ಅಮ್ಮ ಕೇಳಿದಳು.

"ಭಾರ ನೆಟ್ಟಗೆ ಕೆಳಗಿಳಿಯುತ್ತೆ. ಪಕ್ಕಕ್ಕೆ ತಳ್ಳೋರು ಯಾರಿದಾರೆ? ಗೊಂಬೆಗಳೇನು ಓಡಾಡ್ತವಾ?"

ಓಡಾಡುವವನು ಸೋಫಾದ ಮೇಲೆ ಮುಖ ಊದಿಸಿಕೊಂಡು ಕೂತಿದ್ದ.

"ದೋಸ್ ಆರ್ ಮೈ ಅಜ್ಜಾಸ್."

"ಹಬ್ಬ ಮುಗಿಯೋ ತನಕ ಅಷ್ಟೇ ಮರಿ. ದೇವರಿಗೆ ಕೊಟ್ಟಿದೀವಿ."

"ದೇವರು ಡಸಂಟ್ ಈವನ್ ಪ್ಲೇ."

ಅಮ್ಮ ನಕ್ಕುಬಿಟ್ಟಳು. ಮೆಟ್ಟಿಲುಗಳ ಮೇಲೆ ಬಿಳಿ ಪಂಚೆ ಹಾಸಿ, ಪಕ್ಕಗಳನ್ನೂ ಹಿಂಬದಿಯನ್ನೂ ತನ್ನ ಹಳದಿ ಮೈಸೂರು ಸಿಲ್ಕ್ ಸೀರೆಯಿಂದ ಮುಚ್ಚಿದಳು. ಕ್ರೇಟು, ಟ್ರಂಕು, ಪೆಟ್ಟಿಗೆ ಎಲ್ಲ ಮಾಯವಾದವು. ನಮ್ಮ ಹಾಲ್‌ನಲ್ಲಿ ಒಂದು ಅರಮನೆ ಎದ್ದಿತ್ತು. ತುತ್ತತುದಿಯಲ್ಲಿ ಕಳಶ, ಅದರ ಎರಡು ಪಕ್ಕ ರಾಜ ರಾಣಿ. ಅಷ್ಟು ಎತ್ತರದಲ್ಲಿ ಅವರನ್ನು ನಾನು ನೋಡಿದ್ದು ಅದೇ ಮೊದಲು. ಅಮ್ಮ ದೂರ ನಿಂತು ನೋಡುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಾಯಿಯ ಮನೆ ಬಿಟ್ಟ ಮೇಲೆ ಮೊದಲ ಸಲ ಗೊಂಬೆಗಳಿಗೆ ತಕ್ಕ ಜಾಗ ಸಿಕ್ಕಿತು ಅಂದಳು.

ಲಲಿತಾ ಆಂಟಿ ಮಾರನೆಯ ಸಂಜೆ ಬಂದರು. ಜೊತೆಗೆ ನಾಲ್ಕಾರು ಹೆಂಗಸರು, ಚಪ್ಪಲಿಗಳ ರಾಶಿ ಕಾರಿಡಾರಿನವರೆಗೆ. ಮನೆಯಲ್ಲಿ ಮಲ್ಲಿಗೆ ಇರಲಿಲ್ಲ, ಮಲ್ಲಿಗೆಯ ಸೆಂಟು ಇತ್ತು. ಜರೀನಾ ಆಂಟಿ ತಾವು ಮಾಡಿದ ಸೇವಿಗೆ ಖೀರು ಹಿಡಿದು ಬಂದು, ಹೊಸಬರ ನಡುವೆ ಸಂಕೋಚಪಟ್ಟು ಕೆಳಗಿನ ಮೆಟ್ಟಿಲಿನ ಹತ್ತಿರ ನೆಲದ ಮೇಲೆ ಕೂತರು. ಅಲ್ಲಿ ಎರಡು ಹಿತ್ತಾಳೆ ದೀಪ ಉರಿಯುತ್ತಿದ್ದವು. ನಾನು ಹಸಿರು ಲಂಗ ಹಾಕಿಕೊಂಡು ಅರಿಶಿನ ಕುಂಕುಮದ ತಟ್ಟೆ ಹಿಡಿದು ಮೆಟ್ಟಿಲುಗಳ ಎಡಪಕ್ಕಕ್ಕೆ ನಿಂತಿದ್ದೆ. ಅಪ್ಪ ಪಂಚೆಯುಟ್ಟು, ಬರಿಗಾಲಲ್ಲಿ ಕಾಫಿ ಹಂಚುತ್ತಿದ್ದರು. ಯಾರೋ ಹಾಡು ಶುರುಮಾಡಿದರು, ಉಳಿದವರು ಸೇರಿಕೊಂಡರು.

ಆಗ ಕಿಟ್ಟಿಯ ಹಿಮ್ಮಡಿ ಹಳದಿ ಸೀರೆಯ ಹಿಂದೆ ಮರೆಯಾಗುವುದನ್ನು ನೋಡಿದೆ. ಅವನು ಅಡಗಿಕೊಳ್ಳುವುದು ಹೊಸದಲ್ಲ. ನೆಂಟರು ಬಂದರೆ ಕ್ಲಾಸೆಟ್ಟಿನಲ್ಲಿ, ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದ. ಹಾಡು ಮುಗಿಯುತ್ತ ಬಂದಾಗ ಸೀರೆಯ ಅಂಚು ಮೇಲೆದ್ದಿತು. ಒಂದು ಪುಟ್ಟ ಕೈ ಒಬ್ಬ ಅಜ್ಜನನ್ನು ನೆಲದ ಮೇಲೆ ಜಾರಿಸಿ ಹೊರಗೆ ತಳ್ಳಿ, ಮತ್ತೆ ಒಳಗೆ ಹೋಯಿತು. ಅವನು ನಾಲ್ಕನ್ನೂ ತಟ್ಟಿ ನೋಡಿದ್ದಾನೆ, ಸಡಿಲವಿದ್ದದ್ದನ್ನು ತೆಗೆದಿದ್ದಾನೆ ಎಂದು ನನಗೆ ಆ ಕ್ಷಣವೇ ತಿಳಿಯಿತು. ನೆಲ ಏರುಪೇರಾದ್ದರಿಂದ ಬಲಗಡೆಯ ಹಿಂದಿನ ಮೂಲೆಯದರ ಮೇಲೆ ಭಾರವೇ ಕೂತಿರಲಿಲ್ಲ. ಹಲಗೆ ಮೂರರ ಮೇಲೆ ನಿಂತಿತ್ತು. ಮೇಲೆ ರಾಣಿಯ ಮೂಗುತಿ ಕೂಡ ಅಲ್ಲಾಡಿರಲಿಲ್ಲ.

"ಅಮ್ಮ, ಕಿಟ್ಟಿ..."

"ತಡಿ ಮಾಲು, ಆಂಟಿ ಏನೋ ಕೊಡ್ತಿದಾರೆ."

ಲಲಿತಾ ಆಂಟಿ ಚೀಲದಿಂದ ಉಡುಗೊರೆ ತೆಗೆದರು. ಗೊಂಬೆ ನೋಡಲು ಬಂದವರು ಒಂದು ಗೊಂಬೆ ತರುವುದುಂಟು. ಅವರು ತಂದದ್ದು ಹಿತ್ತಾಳೆಯ ನಂದಿ, ಎರಡು ಕೈಯಲ್ಲಿ ಎತ್ತಬೇಕಾದಷ್ಟು ಭಾರದ್ದು. ಅಮ್ಮನ ಮುಖ ಅರಳಿತು.

"ಇದು ಕೆಳಗಿಡೋ ಅಂಥದ್ದಲ್ಲ ಲಲಿತಕ್ಕ. ರೀ, ಇದನ್ನ ಮೇಲಿಡಿ, ರಾಣಿ ಪಕ್ಕದಲ್ಲಿ."

ಅಪ್ಪ ಕಾಫಿ ತಟ್ಟೆ ಕೆಳಗಿಟ್ಟು, ನಂದಿಯನ್ನು ತೆಗೆದುಕೊಂಡು ಬಲಪಕ್ಕದಿಂದ ಹಿಂದಕ್ಕೆ ಹೋಗಿ ಕೈ ಎತ್ತಿದರು. ನಾನು ಕಿರುಚಿದೆ. ಏನೆಂದು ಕಿರುಚಿದೆನೋ, ಯಾವ ಭಾಷೆಯಲ್ಲೋ, ಇವತ್ತಿಗೂ ಆ ಮಾತು ಮಾತ್ರ ನನಗೆ ಸಿಗುವುದಿಲ್ಲ. ಅಷ್ಟರಲ್ಲಿ ನಂದಿ ಕೂತಾಗಿತ್ತು.

ದೊಡ್ಡ ಸದ್ದೇನೂ ಆಗಲಿಲ್ಲ. ಹಲಗೆ ಕಿರ್ ಎಂದಿತು. ಏಳನೆಯ ಮೆಟ್ಟಿಲು ಅಪ್ಪನ ಕಡೆಗೆ ಮೆಲ್ಲಗೆ, ಯಾರೋ ನಿದ್ದೆಯಲ್ಲಿ ತೂಕಡಿಸುವ ಹಾಗೆ, ವಾಲಿತು. ಕಳಶ ಜಾರಿ ಅವರ ಹೆಗಲಿಗೆ ಬಡಿದು ನೀರೆಲ್ಲ ಚೆಲ್ಲಿತು. ಅಪ್ಪ ಪುಸ್ತಕದ ಪೆಟ್ಟಿಗೆಗಳನ್ನು ಎದೆಯಿಂದಲೂ ಎರಡು ತೋಳಿನಿಂದಲೂ ತಬ್ಬಿ ಹಿಡಿದು ನಿಂತುಬಿಟ್ಟರು.

"ಯಾರೂ ಮುಟ್ಟಬೇಡಿ. ಯಾರೂ ಅಲ್ಲಾಡಬೇಡಿ."

"ಅಪ್ಪ, ಕಿಟ್ಟಿ ಕೆಳಗಿದಾನೆ!"

ಅಪ್ಪ ಪೆಟ್ಟಿಗೆಗಳನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡರು. ಅಮ್ಮ ಮುನ್ನುಗ್ಗಿ, ಸೀರೆ ಹಿಡಿದು ಎಳೆಯಲು ಹೋದಳು. ಲಲಿತಾ ಆಂಟಿ ಅವಳನ್ನು ಹಿಂದಿನಿಂದ ತಬ್ಬಿ ಹಿಡಿದರು. ಸೀರೆ ಎಳೆದರೆ ಅದರ ಜೊತೆ ಎಲ್ಲವೂ ಬರುತ್ತಿತ್ತು. ಕೆಳಗಿನ ದೀಪಗಳು ಉರಿಯುತ್ತಲೇ ಇದ್ದವು, ಮೆಟ್ಟಿಲಿಗೆ ಹಾಸಿದ ಪಂಚೆಯ ಅಂಚು ಅವುಗಳಿಗೆ ಗೇಣು ದೂರ. ನಮ್ಮವರೆಲ್ಲ ಅವನ್ನು ನೋಡಿದರು, ಯಾರೂ ಕೈ ಚಾಚಲಿಲ್ಲ. ದೇವರ ಮುಂದಿನ ದೀಪ ಆರಿಸಲು ಆ ಹೊತ್ತಿನಲ್ಲೂ ಅವರಿಗೆ ಕೈ ಬರಲಿಲ್ಲ. ಜರೀನಾ ಆಂಟಿ "ಯಾ ಅಲ್ಲಾ" ಅನ್ನುತ್ತ ಎರಡು ಬತ್ತಿಗಳನ್ನೂ ಬೆರಳುಗಳಿಂದ ಚಿವುಟಿ ಆರಿಸಿಬಿಟ್ಟರು.

ನಾನು ಎಡಪಕ್ಕದಲ್ಲಿ ನೆಲಕ್ಕೆ ಮಲಗಿ ಸೀರೆಯ ಅಂಚನ್ನು ಎತ್ತಿದೆ. ಒಳಗೆ ಕಿಟ್ಟಿ ಹಲಗೆಯ ಕೆಳಗೇ ಹೊಟ್ಟೆಯ ಮೇಲೆ ಮಲಗಿದ್ದ. ಅವನ ತಲೆಗೂ ಹಲಗೆಗೂ ನನ್ನ ಅಂಗೈಯಷ್ಟು ಜಾಗ. ಅವನ ಕೈ ಎರಡನೆಯ ಅಜ್ಜನ ಮೇಲಿತ್ತು.

"ಅದನ್ನ ಬಿಡು ಕಿಟ್ಟಿ."

"ಐ ಕ್ಯಾನ್ ಫಿಕ್ಸ್ ಇಟ್, ಅಕ್ಕ." ಅವನ ದನಿ ಅಳುವಿನ ಅಂಚಿನಲ್ಲಿತ್ತು. "ಅಮ್ಮ ಬೈತಾಳಾ?"

"ಇಲ್ಲ. ಯಾರೂ ಬೈಯಲ್ಲ."

"ನೀನು ಸುಳ್ಳು ಹೇಳ್ತೀಯ."

ಮೇಲಿನಿಂದ ಅಪ್ಪನ ಉಸಿರು ಕೇಳುತ್ತಿತ್ತು. ಕೈ ಹಾಕಿ ಎಳೆದರೆ ಅವನ ಮಂಡಿಯೋ ಭುಜವೋ ಉಳಿದ ಮೂರರಲ್ಲಿ ಒಂದಕ್ಕೆ ತಾಗುತ್ತದೆ, ಅಷ್ಟು ಸಾಕು. ನಾನು ಜಾಣೆಯಾಗಿರಲಿಲ್ಲ, ಧೈರ್ಯವೂ ಇರಲಿಲ್ಲ. ನಾಲಿಗೆಗೆ ಬೇರೇನೂ ಬರದೆ ನಮ್ಮ ಆಟದ ಮಾತು ಬಂತು.

"ಕಿಟ್ಟಿ, ನೀನೇ ಟ್ರೇನು. ಗೋಡೆಗೆ ತಾಗದೇ ಹೊರಗೆ ಬಾ. ತಾಗಿದ್ರೆ ಔಟು."

ಅವನು ಯೋಚಿಸಿದ. ತಲೆ ಹಿಂದಕ್ಕೆ ತಿರುಗಿಸಿ ಕತ್ತಲಲ್ಲಿ ಏನನ್ನೋ ನೋಡಿದ, ಆ ಕಡೆಗೆ ಕೈ ಚಾಚಿದ. ನನ್ನ ಉಸಿರು ನಿಲ್ಲುವುದು ಈ ಜಾಗದಲ್ಲೇ. ಆಮೇಲೆ ಕೈ ಹಿಂದಕ್ಕೆ ಎಳೆದುಕೊಂಡು, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಹೊಟ್ಟೆಯ ಮೇಲೆ ಹಾವಿನಂತೆ ಸರಿಯತೊಡಗಿದ. ಭುಜ ಬಂತು. ಸೊಂಟ ಬಂತು. ಹಲ್ಲುಗಳ ಸಂದಿಯಿಂದ ಟ್ರೇನಿನ ಸದ್ದು ಮಾಡುತ್ತಿದ್ದ. ಒಂದು ಕಾಲು, ಇನ್ನೊಂದು ಕಾಲು.

"ಬಂದನಾ?" ಅಪ್ಪ ಕೇಳಿದರು.

"ಬಂದ!"

"ದೂರ ಹೋಗಿ. ಎಲ್ಲರೂ ದೂರ ಹೋಗಿ."

ಅವರು ಕೈ ಬಿಟ್ಟು ಪಕ್ಕಕ್ಕೆ ಹಾರಿದರು. ಏಳು ಮೆಟ್ಟಿಲುಗಳೂ ಒಂದರ ಮೇಲೊಂದು ಕುಸಿದವು. ಕೆಳಗಿನ ಮನೆಯವರು ಪೊರಕೆಯಿಂದ ಕುಟ್ಟಲಿಲ್ಲ, ಮೇಲೆ ಓಡಿಬಂದು ಬಾಗಿಲಲ್ಲಿ ನಿಂತರು. ಪೆಟ್ಟಿಗೆ ಒಡೆದು ಪುಸ್ತಕಗಳು ಕಿಟ್ಟಿ ಮಲಗಿದ್ದ ಜಾಗವನ್ನು ತುಂಬಿದ್ದವು. ನಾನು ಆ ರಾಶಿಯನ್ನು ನೋಡಿದೆ. ಈಗಲೂ ನೋಡುತ್ತಿದ್ದೇನೆ.

ಅಮ್ಮ ಬೈಯಲಿಲ್ಲ. ಕಿಟ್ಟಿಯನ್ನು ಮಡಿಲಲ್ಲಿ ಹಾಕಿಕೊಂಡು ನೆಲದ ಮೇಲೆ ಕೂತು, ಅವನ ಕೈ, ಕಾಲು, ತಲೆ, ಬೆನ್ನು ಎಲ್ಲವನ್ನೂ ಸವರಿ ನೋಡುತ್ತಿದ್ದಳು. ಅವನು ತಾಗಿಲ್ಲ, ಔಟಾಗಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದ. ದಶಾವತಾರದಲ್ಲಿ ಉಳಿದದ್ದು ಮೀನು ಮತ್ತು ವಾಮನ. ಲಲಿತಾ ಆಂಟಿ ರೇಷ್ಮೆ ಸೀರೆಯನ್ನು ಮಂಡಿಯವರೆಗೆ ಎತ್ತಿಕಟ್ಟಿ ನಮ್ಮ ಪೊರಕೆ ಹಿಡಿದು ಮಣ್ಣಿನ ಚೂರುಗಳನ್ನು ಗುಡಿಸಿದರು. ಅವರು ಅಷ್ಟು ಚೆನ್ನಾಗಿ ಗುಡಿಸುತ್ತಾರೆಂದು ಅಮ್ಮನಿಗೆ ಗೊತ್ತಿರಲಿಲ್ಲ. ಜರೀನಾ ಆಂಟಿಯ ಬೆರಳುಗಳಿಗೆ ಅಮ್ಮ ಬೆಣ್ಣೆ ಹಚ್ಚಿದಳು, ಹಚ್ಚುತ್ತಲೇ ಅತ್ತಳು. ಎಲ್ಲರೂ ಒಡೆದ ಗೊಂಬೆಗಳ ನಡುವೆಯೇ ಕೂತು ಉಸಲಿಯನ್ನೂ ಖೀರನ್ನೂ ತಿಂದೆವು. ಅಪ್ಪ ಮಾತ್ರ ಕುರ್ಚಿಯಿಂದ ಏಳಲಿಲ್ಲ. ಅವರ ಬಲಗಾಲಿನ ಹೆಬ್ಬೆರಳು ಮುರಿದಿತ್ತು. ನಂದಿ ಬಿದ್ದದ್ದು ಅಂದರು. ನಂದಿಗೆ ಏನೂ ಆಗಿರಲಿಲ್ಲ.

"ಏಳು ಬೇಡ ಅಂತ ಇನ್ನೂ ಜೋರಾಗಿ ಹೇಳಬಾರದಿತ್ತೇನ್ರೀ?" ಅಮ್ಮ ಕೇಳಿದಳು.

"ನಾಳೆಯಿಂದ ಜೋರಾಗಿ ಹೇಳ್ತೀನಿ."

ಮಾರನೆಯ ದಿನ ಅಮ್ಮ ನೆಲದ ಮೇಲೆ ಒಂದೇ ಹಲಗೆ ಹಾಕಿ ಉಳಿದ ಗೊಂಬೆಗಳನ್ನು ಕೂರಿಸಿದಳು. ಒಂದೂ ಬೆಸಸಂಖ್ಯೆಯೇ ಅಲ್ಲವೇ ಎಂದು ಯಾರೂ ಕೇಳದಿದ್ದರೂ ಹೇಳಿದಳು. ಆಮೇಲಿನ ವರ್ಷಗಳಲ್ಲೂ ಅಷ್ಟೇ. ಅಜ್ಜಂದಿರು ಕಿಟ್ಟಿಗೆ ಮರಳಿ ಸಿಕ್ಕರು. ಅವನು ಆ ಬೆಳಿಗ್ಗೆಯೇ ಕಟ್ಟಲು ಕೂತ. ನಾನು ಕೂರಲಿಲ್ಲ. ಸೋಫಾದ ಮೇಲಿನಿಂದ, ಅವನು ಕೆಳಗಿನ ತುಂಡಿಗೆ ಕೈ ಹಾಕಿದಾಗಲೆಲ್ಲ, ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಆ ಸಂಜೆಯ ಬಗ್ಗೆ ನಮ್ಮಲ್ಲಿ ಮಾತು ನಡೆಯುತ್ತಿದ್ದದ್ದು ಒಡೆದ ಗೊಂಬೆಗಳ ಬಗ್ಗೆ, ಲಲಿತಾ ಆಂಟಿಯ ಪೊರಕೆಯ ಬಗ್ಗೆ. ಹಲಗೆಯ ಕೆಳಗಿನದು ನನ್ನೊಬ್ಬಳದೇ ಎಂದುಕೊಂಡಿದ್ದೆ. ಈ ವರ್ಷ ಕಿಟ್ಟಿಯ ಮನೆಯಲ್ಲಿ ಊಟವಾದ ಮೇಲೆ, ಅಪ್ಪ ಮಂಡಿನೋವಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದಾಗ, ಇದನ್ನು ಬರೆಯಬೇಕೆಂದಿದ್ದೇನೆ ಎಂದು ಹೇಳಿದೆ. ಹಲಗೆಯ ಕೆಳಗಿನಿಂದ ಹೊರಗೆ ಬರುವ ಮುನ್ನ ಹಿಂದಕ್ಕೆ ತಿರುಗಿ ನೀನು ಏನನ್ನು ನೋಡಿದೆ ಎಂದು ಕಿಟ್ಟಿಯನ್ನು ಮೊದಲ ಬಾರಿಗೆ ಕೇಳಿದೆ.

"ಅಪ್ಪನ ಕಾಲು," ಅಂದ.

"ಯಾವ ಕಾಲು?"

"ನಾನು ಬ್ಲಾಕ್ ತೆಗೆದ ಜಾಗದಲ್ಲಿ. ಹಿಮ್ಮಡಿ ನೆಲದ ಮೇಲೆ, ಬೆರಳೆಲ್ಲ ಮೇಲೆ, ಆ ಹಲಗೆ ಬೆರಳಿನ ಮೇಲೆ ಕೂತಿತ್ತು ಅಕ್ಕ. ನೀನು ನೋಡ್ಲಿಲ್ವಾ? ನಾನು ಮುಟ್ಟಿ ನೋಡಿದೆ. ಇಟ್ ಡಿಡಂಟ್ ಮೂವ್ ಅಟ್ ಆಲ್. ಅದಕ್ಕೇ ಭಯ ಆಗ್ಲಿಲ್ಲ, ಬಂದೆ."

ಅಪ್ಪ ಎಣ್ಣೆಯ ಕೈ ನಿಲ್ಲಿಸಿದರು.

"ಅಲ್ಲಾಡ್ತಿತ್ತು ಕಣೋ. ಗಡಗಡ ನಡುಗ್ತಿತ್ತು. ನನ್ನ ಕಾಲಿನಿಂದಲೇ ಎಲ್ಲ ಬಿದ್ದುಹೋಗುತ್ತೆ ಅಂತ ದೇವರನ್ನ ನೆನೀತಾ ಇದ್ದೆ."

"ಇಲ್ಲ ಅಪ್ಪ, ಅಲ್ಲಾಡ್ಲಿಲ್ಲ."

"ನಿನಗೆ ನಾಲ್ಕು ವರ್ಷ, ನಿನಗೇನು ಗೊತ್ತು. ಅವಳನ್ನ ಕೇಳು, ಅವಳು ಎದುರಿಗೇ ಮಲಗಿದ್ದಳು."

ಇಬ್ಬರೂ ನನ್ನ ಕಡೆ ನೋಡಿದರು. ನಾನು ಆ ಹಲಗೆಯ ಕೆಳಗನ್ನು ನೆನಪಿನಲ್ಲಿ ಮತ್ತೊಮ್ಮೆ ಮೊದಲಿನಿಂದ ನೋಡಿದೆ. ಹಲಗೆಯ ಸೀಳು ಇತ್ತು, ಹಳದಿ ಬೆಳಕಿತ್ತು, ಧೂಳಿತ್ತು. ಬಲಗಡೆಯ ಹಿಂದಿನ ಮೂಲೆ ಇರಲೇ ಇಲ್ಲ.

"ಗೊತ್ತಿಲ್ಲ ಅಪ್ಪ," ಅಂದೆ. "ನಾನು ಇವನ ಮುಖ ಬಿಟ್ಟು ಬೇರೇನೂ ನೋಡಿರಲಿಲ್ಲ."

"ಒಳ್ಳೇದೇ ಆಯ್ತು," ಅಪ್ಪ ಮತ್ತೆ ಮಂಡಿ ತಿಕ್ಕತೊಡಗಿದರು. "ನನ್ನ ಕಾಲು ನೋಡಿದ್ದಿದ್ರೆ ಅವನನ್ನ ಅಷ್ಟು ಮೆತ್ತಗೆ ಕರೀತಿರ್ಲಿಲ್ಲ ನೀನು."